ಕರೆದರೆ ಬರಬಾರದು

ಬೆಳಿಗ್ಗೆ ಏಳು ಗಂಟೆಗೆ ಪಶುವೈದ್ಯೆ ಬೇಲಿಯೊಳಗೆ ಕಾಲಿಟ್ಟಾಗ ಮೂರು ತೋಳದ ಮರಿಗಳೂ ಓಡಿದವು. ಓಡಬೇಕಾದದ್ದೇ. ಮನುಷ್ಯರನ್ನು ಕಂಡು ಓಡುವ ತೋಳವನ್ನು ಮಾತ್ರ ಕಾಡಿಗೆ ಬಿಡುತ್ತಾರೆ. ಹತ್ತಿರ ಬರುವಂಥದ್ದನ್ನು ಬಿಟ್ಟರೆ ಅದು ಊರಿನ ಕಡೆಗೇ ಹೋಗುತ್ತದೆ, ಜನ ಹೊಡೆದು ಕೊಲ್ಲುತ್ತಾರೆ. ಅದಕ್ಕೇ ತಾಯಿ ಸತ್ತ ಈ ಮರಿಗಳನ್ನು ಮೃಗಾಲಯದಲ್ಲಿ ಬೆಳೆಸಿದ ಪ್ರಾಣಿಪಾಲಕ ಮುಖ ಮುಚ್ಚಿಕೊಂಡೇ ಹಾಲೂಡಿಸಬೇಕಿತ್ತು. ಅವುಗಳ ಮುಂದೆ ತುಟಿ ಬಿಚ್ಚಬಾರದಿತ್ತು.

ವೈದ್ಯೆ ಹೊರಗೆ ಬಂದು ಬೇಲಿಯ ಬಳಿ ನಿಂತಿದ್ದ ಪಾಲಕನಿಗೆ ಹೇಳಿದಳು. "ಈಗ ನೀವು ಒಳಗೆ ಹೋಗಿ. ಮುಖಕ್ಕೆ ಬಟ್ಟೆ ಬೇಡ."

"ನಾನ್ಯಾಕೆ ಮೇಡಂ? ನಿಮ್ಮನ್ನ ಕಂಡು ಓಡಿದ್ವಲ್ಲ."

"ನನ್ನ ಕಂಡ್ರೆ ನಮ್ಮನೆ ನಾಯೀನೂ ಓಡತ್ತೆ. ಇಂಜೆಕ್ಷನ್ ಚುಚ್ಚೋಳು ನಾನೇ ತಾನೆ. ಹೋಗಿ."

ಅವನು ಒಳಗೆ ಹೋಗಿ ಗೋಡೆಯ ಕಡೆ ನೋಡುತ್ತ ನಿಂತ. ಎರಡು ಮರಿಗಳು ಪೊದೆ ಬಿಟ್ಟು ಹೊರಬರಲಿಲ್ಲ. ಮೂರನೆಯದು, ಸಣಕಲು ಹೆಣ್ಣುಮರಿ, ಕಿವಿ ಹಿಂದಕ್ಕೆ ಒತ್ತಿಕೊಂಡು ಬಂದು ಅವನ ಬೆರಳು ನೆಕ್ಕಿತು.

"ಇದನ್ನ ಮಾತಾಡಿಸಿದ್ದೀರಿ," ಎಂದಳು ವೈದ್ಯೆ ಬೇಲಿಯಾಚೆಯಿಂದ.

"ಹಾಲು ಮುಟ್ತಿರಲಿಲ್ಲ ಮೇಡಂ. ಸತ್ತೇಹೋಗತ್ತೆ ಅನ್ಕೊಂಡೆ. ಬಟ್ಟೆ ತೆಗೆದು ಒಂದು ಮಾತಾಡಿಸಿದೆ, ಕುಡೀತು."

"ಆಮೇಲೆ?"

"ಆಮೇಲೂ ಮಾತಾಡಿಸ್ದೆ. ಸುಮ್ನೆ."

"ಅಷ್ಟು ಆಸೆ ಇದ್ರೆ ನಾಯಿ ತಗೋಬೇಕಿತ್ತು."

"ಮನೇಲಿ ಕೇಳ್ದೆ. ನಿಮ್ಮೊಬ್ಬರನ್ನ ಸಾಕೋದೇ ಹೆಚ್ಚು ಅಂದ್ಲು." ಅವನು ಮರಿಯ ಕಡೆ ನೋಡಲಿಲ್ಲ. "ಅದೂ ಅಲ್ದೆ ನಾಯಿ ಯಾರು ಕರೆದ್ರೂ ಹೋಗತ್ತೆ ಮೇಡಂ. ಇದು ಯಾರ ಹತ್ರಾನೂ ಹೋಗಲ್ಲ. ನನ್ನ ಹತ್ರ ಬರತ್ತೆ."

ವೈದ್ಯೆ ಬೇಲಿಯ ತಂತಿ ಹಿಡಿದು ಕೈಗಡಿಯಾರ ನೋಡಿದಳು.

"ಮಧ್ಯಾಹ್ನ ಗಾಡಿ ಬರತ್ತೆ. ಅಷ್ಟರೊಳಗೆ ಇದು ನಿಮ್ಮನ್ನ ಕಂಡು ಓಡಿದ್ರೆ ಕಾಡಿಗೆ ಬಿಡೋಣ. ಇಲ್ಲಾಂದ್ರೆ ಇರೋ ತನಕ ಬೋನು. ಕಲ್ಲು ತಗೊಳ್ಳಿ."

ಮೊದಲ ಕಲ್ಲನ್ನು ಅವನು ಬೇಕೆಂದೇ ದೂರಕ್ಕೆ ಎಸೆದ. ಮರಿ ಅದು ಬಿದ್ದ ಜಾಗ ಮೂಸಿ ನೋಡಿ ಮರಳಿತು.

"ಮೈಗೆ ಬೀಳ್ಬೇಕು," ಎಂದಳು ವೈದ್ಯೆ.

ಎರಡನೆಯದು ತೊಡೆಗೆ ಬಿತ್ತು. ಮರಿ ಕುಂಯ್ ಎಂದು ಕೂಗಿ, ಬಾಲ ಮುದುರಿಕೊಂಡು ಪೊದೆಯವರೆಗೂ ಓಡಿತು. ಅಲ್ಲಿ ನಿಂತು ತಿರುಗಿ ನೋಡಿತು. ಒಂದು ಹೆಜ್ಜೆ ಇತ್ತ ಇಟ್ಟಿತು.

"ಹೋಗು," ಎಂದು ಅವನು ಕಿರುಚಿದ. "ಹೋಗೇ, ದರಿದ್ರದ್ದೇ. ಹಾಳಾಗಿ ಹೋಗು."

ಆ ದನಿ ಅದಕ್ಕೆ ಗೊತ್ತಿತ್ತು. ಹೊಟ್ಟೆಯನ್ನು ನೆಲದ ಮೇಲೆ ಎಳೆಯುತ್ತ, ಕುಂಟುತ್ತ, ನೇರ ಅವನ ಕಾಲ ಬಳಿಗೆ ಬಂದಿತು. ಅವನ ಕೈಯಲ್ಲಿ ಇನ್ನೊಂದು ಕಲ್ಲಿತ್ತು.

"ಸಾಕು, ಬಿಡಿ," ಎಂದಳು ವೈದ್ಯೆ.

ಮಧ್ಯಾಹ್ನದ ಗಾಡಿಯಲ್ಲಿ ಎರಡು ಮರಿಗಳು ಹೋದವು. ಮೂರನೆಯದನ್ನು ಜನ ನೋಡುವ ಬೋನುಗಳ ಸಾಲಿಗೆ ಸಾಗಿಸಿದರು. ಆ ಸಾಲಿನ ಪಾಲಕ ಬೇರೆಯವನು.