ಸಣ್ಣ ದನಿಯ ಕೋವಿ

ನಾನೊಂದು ಕೋವಿ. ಹೆದರಬೇಡಿ, ನನ್ನ ನಳಿಗೆಯೊಳಗೆ ನಿಮ್ಮ ಕಿರುಬೆರಳೂ ಹೋಗದು. ನಾನು ತಿನ್ನುವ ತೋಟಾ ಒಂದು ಕಡಲೆಕಾಯಿಗಿಂತ ದೊಡ್ಡದಲ್ಲ. ದೊಡ್ಡ ಕೋವಿಗಳ ತೋಟಾ ಸಿಡಿಯಬೇಕಾದರೆ ಅದರ ಬುಡದ ನಟ್ಟನಡುವೆ ಬಡಿಯಬೇಕು. ನನ್ನದಕ್ಕೆ ಅಂಚಿಗೆ ಒಂದು ಏಟು ಸಾಕು. ಜನ ನನ್ನನ್ನು ಪಾಯಿಂಟ್ ಟೂ ಟೂ ಎನ್ನುತ್ತಾರೆ. ನೆಟ್ಟಗೆ ಒಂದು ಎಂದು ಕರೆಸಿಕೊಳ್ಳುವ ಭಾಗ್ಯವೂ ನನಗಿಲ್ಲ.

ಹುಟ್ಟಿದ್ದು ದೂರದ ಚಳಿದೇಶದ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಸರಳಿನ ಹೊಟ್ಟೆ ಕೊರೆದು, ಒಳಗೆ ಸುರುಳಿಯಾಗಿ ಗೀರು ಹಾಕಿ, ಅಕ್ರೋಟು ಮರದ ಹಿಡಿ ಜೋಡಿಸಿ ನನ್ನನ್ನು ಕೋವಿ ಮಾಡಿದರು. ಹಡಗು ಹತ್ತಿ ಬಂದು ಮೈಸೂರಿನ ಒಂದು ರೈಫಲ್ ಕ್ಲಬ್ಬು ಸೇರಿದೆ. ಅಲ್ಲಿ ಕಾಗದಕ್ಕೆ ತೂತು ಮಾಡುವುದೇ ನನ್ನ ಉದ್ಯೋಗ. ಕಾಲೇಜು ಹುಡುಗರು ಮಲಗಿಕೊಂಡು, ಮಂಡಿಯೂರಿ, ನಿಂತು ಹೊಡೆದರು. ಗುರಿ ತಪ್ಪಿದವರೆಲ್ಲ ನನ್ನನ್ನೇ ಬೈದರು. ಒಬ್ಬ ನನ್ನನ್ನು ಸಿಮೆಂಟು ನೆಲಕ್ಕೆ ಬೀಳಿಸಿ ಹಿಡಿಯ ಮೇಲೊಂದು ಉದ್ದ ಗೀರು ಮಾಡಿದ. ಹೊಸ ಕೋವಿಗಳು ಬಂದ ಮೇಲೆ ಕ್ಲಬ್ಬಿನವರು ನನ್ನನ್ನು ಪೇಟೆಯ ಬಂದೂಕಿನ ಅಂಗಡಿಗೆ ಮಾರಿದರು.

ಆ ಅಂಗಡಿಯ ಗೋಡೆಯ ಮೇಲೆ ಎಷ್ಟು ಕಾಲ ತೂಗಾಡಿದೆನೋ ಲೆಕ್ಕವಿಟ್ಟಿಲ್ಲ. ಒಂದು ದಿನ ಕೊಡಗಿನಿಂದ ಗಂಡ ಹೆಂಡತಿ ಬಂದರು. ಹೆಂಡತಿ ಬೋಜಮ್ಮ, ಪ್ರೈಮರಿ ಶಾಲೆಯ ಟೀಚರು, ಮೈಕಟ್ಟು ಚಿಕ್ಕದು, ಕಣ್ಣು ಚುರುಕು. ಗಂಡ ಮಾಚಯ್ಯ, ಕೋವಿಯ ಸದ್ದು ಕೇಳಿದರೆ ಅಡುಗೆಮನೆಗೆ ನುಗ್ಗುವ ಸಾಧು ಪ್ರಾಣಿ. ಅವನ ಕೈಯಡುಗೆ ಊರಿಗೇ ಪ್ರಸಿದ್ಧವಂತೆ.

ಬೋಜಮ್ಮ ಅಂಗಡಿಯ ಮಾಲೀಕರಾದ ಅರಸರಿಗೆ ವಿಷಯ ಹೇಳಿದಳು. ಕೊಡಗಿನಲ್ಲಿ ಕೈಲ್ ಮುಹೂರ್ತವೆಂದರೆ ಆಯುಧಗಳ ಹಬ್ಬ. ಆ ದಿನ ಅವರ ಊರಿನ ಬಯಲಿನಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ, ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಮನೆಗೊಬ್ಬರು ಎದ್ದು ಬಂದು ಗುಂಡು ಹೊಡೆಯಬೇಕು. ಇವರ ಮನೆಯಿಂದ ಪ್ರತಿ ವರ್ಷ ನಿಲ್ಲುತ್ತಿದ್ದವರು ಮಾವ ಚಂಗಪ್ಪ. ಕಣ್ಣಿನ ನರ ಸೋತು ಅವರಿಗೆ ಈಗ ಬೆಳಕಷ್ಟೇ ತಿಳಿಯುತ್ತದೆ.

"ಹೋದ ವರ್ಷ ನಮ್ಮ ಮನೆ ಹೆಸರು ಕೂಗಿದ್ರು. ಯಾರೂ ಏಳ್ಲಿಲ್ಲ. ಮಾವ ಊಟ ಕೂಡ ಮಾಡದೆ ಮನೆಗೆ ಬಂದುಬಿಟ್ರು," ಎಂದಳು ಬೋಜಮ್ಮ. "ಈ ವರ್ಷ ನಾನು ನಿಲ್ತೇನೆ. ಆದ್ರೆ ಮನೇಲಿರೋ ದೊಡ್ಡ ಕೋವಿ ನನ್ನಿಂದ ಆಗೋದಿಲ್ಲ. ಮದುವೆಯಾದ ವರ್ಷ ಹೊಡೆಯೋಕೆ ಹೋಗಿ ಅಂಗಳದಲ್ಲಿ ಅಂಗಾತ ಬಿದ್ದಿದ್ದೆ. ಅವತ್ತಿಂದ ಕೋವಿಯ ಕುದುರೆಗೆ ಬೆರಳಿಟ್ರೆ ಕಣ್ಣು ತಾನಾಗಿ ಮುಚ್ಚಿಕೊಳ್ತದೆ."

ಅರಸರು ಮೊದಲು ತಮ್ಮ ಹೊಸ ಮಾಲು ತೆಗೆದರು. "ಇದ್ ನೋಡಿ ಮೇಡಂ. ಒತ್ತುತಾ ಇದ್ರೆ ಒಂದ್ರ ಹಿಂದೆ ಒಂದು ಹೋಗ್ತಾ ಇರತ್ತೆ."

"ಒಂದರ ಹಿಂದೆ ಒಂದು ತಪ್ಪಿದ್ರೆ ಎಂತ ಪ್ರಯೋಜನ?"

ಮಾಚಯ್ಯ ಒಂದು ಪಿಸ್ತೂಲು ಎತ್ತಿಕೊಂಡ. "ಇದು ಹಗುರ ಉಂಟು. ನಿನ್ನ ಚೀಲದಲ್ಲಿ ಹಿಡೀತದೆ."

"ಕಾಯಿ ಮರದ ತುದೀಲಿರ್ತದೆ, ನನ್ನ ಚೀಲದೊಳಗಲ್ಲ. ಇದ್ರಲ್ಲಿ ಕೈ ಒಂದು ಕೂದಲೆಳೆ ಅಲ್ಲಾಡಿದ್ರೂ ಗುಂಡು ಪಕ್ಕದೂರಿಗೆ ಹೋಗ್ತದೆ."

ಸ್ಪರ್ಧೆಯ ರೈಫಲೊಂದನ್ನು ಎತ್ತಿ ನೋಡಿದಳು. ಅದು ಒನಕೆಯಷ್ಟು ಭಾರವಿತ್ತು. ಕೊನೆಗೆ ನನ್ನ ಸರದಿ ಬಂತು. ಕಣ್ಣು ಮುಚ್ಚಿಕೊಂಡು ನನ್ನನ್ನು ಭುಜಕ್ಕೇರಿಸಿದಳು. ಕೆನ್ನೆಯನ್ನು ಮರಕ್ಕೆ ಒತ್ತಿ ಆಮೇಲೆ ಕಣ್ಣು ಬಿಟ್ಟಳು. ನಳಿಗೆಯ ತುದಿಯ ಗುರಿಮಣಿ ಹಿಂದಿನ ಕಚ್ಚಿನ ನಡುವೆ ಸರಿಯಾಗಿ ಕೂತಿತ್ತು. ಇಳಿಸಿ ಮತ್ತೆ ಎತ್ತಿದಳು. ಮತ್ತೆ ಅಲ್ಲೇ ಕೂತಿತ್ತು. ನನಗಂತೂ ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ಭುಜ ಕಂಡಿದ್ದೇನೆ, ನನ್ನ ಅಳತೆಗೆ ಹೊಲಿದಂಥ ಭುಜ ಅದೊಂದೇ.

"ಇದೇ ಕೊಡಿ," ಎಂದಳು.

"ಇದರ ಬಾಯಿ ಸ್ವಲ್ಪ ನಾಜೂಕು ಮೇಡಂ. ಎಲ್ಲಾ ತೋಟಾನೂ ಒಗ್ಗಲ್ಲ. ಎರಡ್ಮೂರು ಥರ ಕೊಡ್ತೀನಿ, ಹೊಡೆದು ನೋಡಿ," ಎಂದರು ಅರಸರು. ನಿಜವೇ, ಊಟದ ವಿಷಯದಲ್ಲಿ ನನಗೆ ಹಟ ಜಾಸ್ತಿ.

ಕಾಗದಪತ್ರವೆಲ್ಲ ಮುಗಿದು ನಾನು ಕೊಡಗಿಗೆ ಬಂದೆ. ಆ ಮನೆಯಲ್ಲಿ ಮಾತೆಲ್ಲ ಕೊಡವ ತಕ್ಕಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಚಂಗಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ತುದಿಯಿಂದ ಬುಡದವರೆಗೆ ಸವರಿದರು. "ಬೋಜಿ, ಇದು ಕೋವಿಯಾ, ಒಲೆ ಊದುವ ಕೊಳವೆಯಾ?" ಎಂದು ಕೇಳಿ ಮೀಸೆಯಡಿಯಲ್ಲಿ ನಕ್ಕರು. ಅಂದಿನಿಂದ ನಾನು ಊದುಕೊಳವೆಯೇ ಆದೆ. ಮೂಲೆಯಲ್ಲಿ ಒರಗಿದ್ದ ಮನೆಯ ದೊಡ್ಡ ಕೋವಿಗೆ ಎಷ್ಟು ಖುಷಿಯಾಯಿತೋ, ಅದರ ಮೌನದಲ್ಲೇ ತಿಳಿಯುತ್ತಿತ್ತು.

ಮರುದಿನ ಮಳೆ ಬಿಟ್ಟಿತ್ತು. ಬೆಳಕು ಹರಿಯುತ್ತಲೇ ಬೋಜಮ್ಮ ಹಿತ್ತಿಲ ಮಣ್ಣಿನ ಬರೆಗೆ ಒಂದು ಡಬ್ಬಿ ಒರಗಿಸಿ, ಅಂಗಡಿಯವರು ಕೊಟ್ಟಿದ್ದ ಜೋರು ತೋಟಾ ತುಂಬಿ ಎರಡು ಗುಂಡು ಹೊಡೆದಳು. ಎರಡೂ ಎಲ್ಲೆಲ್ಲೋ ಹೋದವು. ಆಕೆ ಕೋವಿ ಇಳಿಸಿ, ಡಬ್ಬಿಯ ಸುತ್ತ ಮಣ್ಣು ಕೆದಕುತ್ತಾ ನಿಂತಳು. ಅಲ್ಲೇ ಎಡವಟ್ಟಾಯಿತು. ಮೂರನೆಯದನ್ನೂ ಹೊಡೆದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿಯ ಪದ್ಧತಿಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು.

ಸ್ವಲ್ಪ ಹೊತ್ತಿನಲ್ಲಿ ಗದ್ದೆಯ ಏರಿಯ ಮೇಲೆ ಬಿಳಿ ಸೀರೆ, ಬಿಳಿ ಪಂಚೆಗಳ ಸಾಲು ಕಾಣಿಸಿತು. ಎಲ್ಲರಿಗಿಂತ ಮುಂದೆ ಗದ್ದೆಯಾಚೆ ಮನೆಯ ಪೂವಣ್ಣ, ಚಂಗಪ್ಪನವರ ಬಾಲ್ಯದ ಗೆಳೆಯ, ಕಣ್ಣೊರೆಸಿಕೊಳ್ಳುತ್ತಾ ಬಂದರು. ಜಗಲಿಯಲ್ಲಿ ಚಂಗಪ್ಪ ಕಾಫಿ ಕುಡಿಯುತ್ತಾ ಕೂತಿದ್ದರು.

"ಯಾರು? ಇಷ್ಟು ಜನ ಎಲ್ಲಿಗೆ ಹೊರಟಿರಿ? ಯಾರು ಸತ್ತದ್ದು?"

ಪೂವಣ್ಣ ಕಣ್ಣೊರೆಸುವುದನ್ನು ಅರ್ಧಕ್ಕೆ ಬಿಟ್ಟರು. "ನೀನೇ ಮಾರಾಯ," ಎಂದರು.

"ಹೌದಾ? ನನಗೆ ಯಾರೂ ಹೇಳ್ಲಿಲ್ಲ!"

"ಸದ್ದು ಸಣ್ಣದಿತ್ತು ನೋಡು. ಮಾಚಯ್ಯನಿಗೆ ಸದ್ದು ಆಗೋದಿಲ್ಲ, ಅಪ್ಪನನ್ನೂ ಮೆತ್ತಗೇ ಕಳಿಸಿಬಿಟ್ಟ ಅಂದ್ಕೊಂಡ್ವಿ."

ಚಂಗಪ್ಪ ನಕ್ಕು ನಕ್ಕು ಕಾಫಿಯನ್ನೆಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡರು. ಸಾವಿಗೆ ಬಂದವರೆಲ್ಲ ಮಾಚಯ್ಯ ಮಾಡಿದ ಅಕ್ಕಿರೊಟ್ಟಿ ತಿಂದು ಹೋದರು. ಬೋಜಮ್ಮ ಮಾತ್ರ ಒಲೆಯ ಹಿಂದೆ ಅಡಗಿ ಕೂತಿದ್ದಳು.

ಆಮೇಲೆ ಅವಳು ಬೇರೆ ತೋಟಾಗಳನ್ನು ನನಗೆ ಉಣ್ಣಿಸಿ ನೋಡಿದಳು. ನಿಧಾನವಾಗಿ ಹೋಗುವ, ಮೆತ್ತಗೆ ಸದ್ದು ಮಾಡುವ ಒಂದು ಜಾತಿ ನನ್ನ ನಾಲಿಗೆಗೆ ಹಿಡಿಸಿತು. ಅಂದಿನಿಂದ ಗುಂಡುಗಳು ಡಬ್ಬಿಯ ಒಂದೇ ಜಾಗದಲ್ಲಿ ಕೂರತೊಡಗಿದವು. ಆದರೆ ಅವಳ ಕಣ್ಣು ಇನ್ನೂ ಒಮ್ಮೊಮ್ಮೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ಹಬ್ಬದ ದಿನ ಕೋವಿಗಳನ್ನು ತೊಳೆದು ಒರೆಸಿ ದೇವರ ಕೋಣೆಯಲ್ಲಿಟ್ಟರು. ಆ ದಿನ ಕೋವಿಯ ಬಾಯಿಗೆ ಕೆಂಪು ಹಳದಿ ಬಣ್ಣದ ತೋಕ್ ಪೂ, ಅಂದರೆ ಕೋವಿ ಹೂವು ಸಿಕ್ಕಿಸುವುದು ವಾಡಿಕೆ. ಚಂಗಪ್ಪ ತಡವರಿಸುತ್ತಾ ದೊಡ್ಡ ಕೋವಿಗೆ ಗಂಧ ಹಚ್ಚಿ ಹೂವಿಟ್ಟರು. "ಊದುಕೊಳವೆಗೆ ಹೂವು ಯಾಕೆ?" ಎಂದು ನನ್ನನ್ನು ದಾಟಿ ಹೋದರು. ನನಗೆ ಅಳು ಬಂತು. ಎಣ್ಣೆ ಹಚ್ಚಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬಯಲಿನಲ್ಲಿ ಜನವೋ ಜನ. ದೊಡ್ಡ ಕೋವಿಗಳು ಢಂ ಢಂ ಎಂದು ಬೆಟ್ಟ ನಡುಗಿಸಿದವು. ಕಾಯಿ ಮರದ ಮೇಲೆ ಹಾಯಾಗಿ ಕೂತಿತ್ತು. ಆಗ ಇವರ ಮನೆಯ ಹೆಸರು ಕೂಗಿದರು. ಚಂಗಪ್ಪ ತಲೆ ತಗ್ಗಿಸಿದರು. ಬೋಜಮ್ಮ ಎದ್ದಳು.

ನನ್ನನ್ನು ಕಂಡು ಕೆಲವರು ನಕ್ಕರು. ಪ್ರತಿಯೊಬ್ಬರಿಗೂ ಎರಡೇ ಅವಕಾಶ. ಮೊದಲ ಗುಂಡಿಗೆ ಅವಳ ಕಣ್ಣು ಮುಚ್ಚಿತು. ನನಗೆ ತಿಳಿಯಿತು, ಕೆನ್ನೆ ಬಿಗಿದುಕೊಂಡಿತ್ತು. ಒಂದು ಎಲೆ ಉದುರಿತು, ಅಷ್ಟೇ.

ಹಿಂದಿನಿಂದ ಚಂಗಪ್ಪನವರ ದನಿ ಬಂತು. "ಬೋಜೀ, ಕಣ್ಣು ಬಿಡು. ಅದು ನಿನ್ನ ಒದೆಯೋದಿಲ್ಲ. ಪಾಪ, ಅದಕ್ಕೆ ಒದೆಯೋಕೆ ಬರೋದಿಲ್ಲ."

ಅವಳು ಫಕ್ಕನೆ ನಕ್ಕುಬಿಟ್ಟಳು. ನಕ್ಕಾಗ ಕೆನ್ನೆ ಸಡಿಲಾಯಿತು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಕಣ್ಣು ಬಿಟ್ಟುಕೊಂಡೇ ಕುದುರೆ ಒತ್ತಿದಳು. ಪಟ್ ಎಂದೆ ನಾನು. ನನ್ನ ಸದ್ದು ಅಲ್ಲೇ ಅಡಗಿತು. ಆ ಮೌನದೊಳಗೆ ಮರದ ತುದಿಯಿಂದ ಟೊಕ್ ಎಂದು ಕೇಳಿಸಿತು. ಕಾಯಿಯ ನೀರು ಎಲೆಗಳ ಮೇಲೆ ತೊಟ್ಟಿಕ್ಕಿತು.

ಯಾರೂ ಬಾಯಿಬಿಡುವ ಮೊದಲೇ ಚಂಗಪ್ಪ ಎದ್ದು ನಿಂತಿದ್ದರು. "ತಾಗಿತು! ಕೇಳಿದೆ, ನಾನು ಕೇಳಿದೆ! ನನ್ನ ಕೋವಿಯ ಆರ್ಭಟದಲ್ಲಿ ಕಾಯಿಯ ಸದ್ದು ಒಂದು ದಿನವೂ ಕೇಳಿರಲಿಲ್ಲ ಮಾರಾಯ್ರೆ!" ಕುರುಡುಗಣ್ಣಲ್ಲಿ ನೀರು ಧಾರಾಕಾರ ಹರಿಯುತ್ತಿತ್ತು. ಸಣ್ಣ ದನಿ ಕೊಟ್ಟ ಆ ಕಾರ್ಖಾನೆಗೆ ಅಂದು ಮೊದಲ ಸಲ ಕೈಮುಗಿದೆ.

ಚಂಗಪ್ಪ ಮನೆಗೆ ಬಂದವರೇ ಮಗನನ್ನು ಕರೆದರು. "ಮಾಚಯ್ಯ, ದೊಡ್ಡ ಕೋವಿ ತೆಗೆ. ನಮ್ಮ ಮನೆಯಲ್ಲಿ ಗುರಿಕಾರ್ತಿ ಹುಟ್ಟಿದಳು, ಆಕಾಶಕ್ಕೆ ಒಂದು ಗುಂಡು ಹೊಡಿ. ಒಂದೇ! ಎರಡು ಹೊಡೆದು ನನ್ನ ಮತ್ತೆ ಸಾಯಿಸಬೇಡ." ಮಾಚಯ್ಯ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮುಖ ಆಚೆ ತಿರುಗಿಸಿ ಹೊಡೆದ. ಚಂಗಪ್ಪ ದೊಡ್ಡ ಕೋವಿಯ ಹೂವನ್ನು ತರಿಸಿ ನನ್ನ ಬಾಯಿಗೆ ಸಿಕ್ಕಿಸಿದರು. "ನಾನು ಹೋದಾಗ ಇದರಲ್ಲೇ ಎರಡು ಹೊಡಿ ಬೋಜಿ," ಎಂದರು.

ಈಗ ನನ್ನ ನಳಿಗೆಯೊಳಗಿನ ಗೀರುಗಳು ಸವೆದಿವೆ, ಮಣಿ ಮಸುಕಾಗಿದೆ. ದೇವರ ಕೋಣೆಯ ಮೂಲೆಯಲ್ಲಿ ದೊಡ್ಡ ಕೋವಿಗೆ ಒರಗಿಕೊಂಡೇ ಇರುತ್ತೇನೆ; ನಮ್ಮಿಬ್ಬರಿಗೂ ರಾಜಿಯಾಗಿದೆ. ಪ್ರತಿ ಹಬ್ಬಕ್ಕೂ ನನಗೆ ಹೂವು ತಪ್ಪುವುದಿಲ್ಲ. ಸಣ್ಣದಾಗಿ ಹುಟ್ಟಿದ್ದಕ್ಕೆ ಈಗ ನನಗೆ ಬೇಸರವಿಲ್ಲ.

ಚಂಗಪ್ಪ ತುಂಬು ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ಬೋಜಮ್ಮ ಅಳುತ್ತಾ ಹಿತ್ತಿಲಿಗೆ ಬಂದು, ಮಣ್ಣಿನ ಬರೆಗೆ ನನ್ನಿಂದ ಎರಡು ಗುಂಡು ಹೊಡೆದಳು. ಮನೆಯವರು ಕಾದರು, ಯಾರೂ ಬರಲಿಲ್ಲ. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವಳ ಅಭ್ಯಾಸದಲ್ಲಿ ಕೇಳಿ ಕೇಳಿ ನನ್ನ ಸದ್ದು ಊರಿಗೆ ಕೋಳಿ ಕೂಗಿದಷ್ಟೇ ಆಗಿಹೋಗಿತ್ತು. ಗದ್ದೆಯಾಚೆಯಿಂದ ಮುದಿ ಪೂವಣ್ಣ ಕೂಗಿದರು: "ಬೋಜೀ, ಇವತ್ತು ಡಬ್ಬಿಗೆ ತಾಗಿತಾ?"

ಬೋಜಮ್ಮ ನನ್ನನ್ನು ಅವಚಿಕೊಂಡು ಅಳುತ್ತಲೇ ನಕ್ಕಳು. ಚಂಗಪ್ಪ ಇದ್ದಿದ್ದರೆ ಇನ್ನೊಂದು ಲೋಟ ಕಾಫಿ ಚೆಲ್ಲುತ್ತಿದ್ದರು. ಆಗ ಮಾಚಯ್ಯ ಒಳಗೆ ಹೋಗಿ ದೊಡ್ಡ ಕೋವಿ ತಂದ. ಅಪ್ಪನಿಗಾಗಿ ಎರಡು ಗುಂಡು ಹೊಡೆದ. ಆ ದಿನ ಅವನು ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ.