ವೀರಗಂಜಿನ ಸ್ಯಾಂಪಲ್

ಸಿಂಧನೂರಿನ ಸಾಲಗುಂದ ರಸ್ತೆಯ ಅಕ್ಕಿ ಗಿರಣಿಯಲ್ಲಿ ಸಿದ್ದಲಿಂಗೇಶನ ಕೆಲಸ ಉಣ್ಣುವುದು. ಲಾರಿ ಹೊರಡುವ ಮೊದಲು ಹಿಡಿ ಅಕ್ಕಿ ಬೇಯಿಸಿ, ಉಪ್ಪಿಲ್ಲದೆ ಸಾರಿಲ್ಲದೆ ತಿಂದು ಒಪ್ಪಿಗೆ ಕೊಡಬೇಕು. ಹೆಂಡತಿ ತೀರಿಕೊಂಡ ಮೇಲೆ ಅವನ ಮಧ್ಯಾಹ್ನದ ಊಟವೂ ಅದೇ.

ಆ ಊಟಕ್ಕೆ ಜೊತೆಯೊಬ್ಬನಿದ್ದ: ನೇಪಾಳದ ವೀರಗಂಜಿನ ವ್ಯಾಪಾರಿ ಧನರಾಜ. ಕೊರಿಯರಿನಲ್ಲಿ ಹೋದ ಅದೇ ಸ್ಯಾಂಪಲನ್ನು ಅವನೂ ಬೇಯಿಸಿಕೊಂಡು ಫೋನು ಹಚ್ಚುತ್ತಿದ್ದ. ಎಂಟು ವರ್ಷ ಒಟ್ಟಿಗೆ ಉಂಡರೂ ಮುಖ ನೋಡಿದವರಲ್ಲ. ಇಬ್ಬರದೂ ಮುರುಕು ಹಿಂದಿ. ಸಿದ್ದಲಿಂಗೇಶನ ಕಿವಿಗೆ ಮಾತ್ರ ಅದು ಸಿಂಧನೂರಿನ ಮಾತಾಗಿಯೇ ಇಳಿಯುತ್ತಿತ್ತು.

“ಇದೇನ್ ಅಕ್ಕೀನೋ, ಗ್ವಾಡಿಗೆ ಹಚ್ಚೋ ಸುಣ್ಣನೋ?”

“ನಿನ್ನ ಹಲ್ಲು ಉದುರ್ಯಾವಂತ ಮೆತ್ತಗಿಂದು ಕಳ್ಸೀನಿ, ಉಣ್ಣಲೇ.”

ಬೈಸಿಕೊಂಡ ದಿನ ಸಿದ್ದಲಿಂಗೇಶನಿಗೆ ಅನ್ನ ಹೆಚ್ಚು ಸೇರುತ್ತಿತ್ತು.

ಒಂದು ಜುಲೈಯಲ್ಲಿ ದಿಲ್ಲಿ ಅಕ್ಕಿ ರಫ್ತು ನಿಲ್ಲಿಸಿತು. ಧನರಾಜ ದಿನವೂ ಫೋನು ಮಾಡಿದ: ಹಬ್ಬ ಹತ್ತಿರ ಬಂದಿದೆ, ಅಂಗಡಿ ಖಾಲಿ. ಸಿದ್ದಲಿಂಗೇಶ ಗಿರಣಿ ಮಾಲಕ ಗುರುಬಸವನ ಹತ್ತಿರ ಹೋದ.

“ನಮ್ ಕೈಯಾಗೇನೈತಿ ಸಿದ್ದಣ್ಣ? ನೀ ಯಾಕ ಮಾರಿ ಸಣ್ಣದ್ ಮಾಡ್ತಿ? ಗೇಟು ತಗದ ದಿನ ಅವರೇ ಓಡಿ ಬರ್ತಾರ. ಇನ್ನೆಲ್ಲಿಗೆ ಹೋಗ್ತಾರ?”

ಇದನ್ನು ಧನರಾಜನಿಗೆ ಹೇಗೆ ಹೇಳುವುದು? ಸಿದ್ದಲಿಂಗೇಶ ಅಂದು ಫೋನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಆಮೇಲೆ ಅದು ಬರುವುದೇ ನಿಂತಿತು. ಹದಿನಾಲ್ಕು ತಿಂಗಳು ಒಬ್ಬನೇ ಉಂಡ.

ನಿಷೇಧ ತೆರವಾಗಿ, ಸುಗ್ಗಿ ಮುಗಿಯುವ ಹೊತ್ತಿಗೆ ವೀರಗಂಜಿನಿಂದ ಆರ್ಡರು ಬಂತು. ಗುರುಬಸವ ಅವಸರದಲ್ಲಿ ಹೊಸ ಭತ್ತವನ್ನೇ ಗಿರಣಿಗೆ ಹಾಕಿಸಿದ. ಕೊರಿಯರು ವೀರಗಂಜು ಮುಟ್ಟಿದ ದಿನ ತಾನೂ ಸ್ಯಾಂಪಲು ಬೇಯಿಸಿದರೆ ಅನ್ನ ಅಂಟಾಗಿತ್ತು. ಸಿದ್ದಲಿಂಗೇಶನಿಗೆ ಒಳಗೊಳಗೇ ಖುಷಿ. ಇವತ್ತು ಬೈಗುಳ ಖಂಡಿತ. ತಾನೇ ಫೋನು ಹಚ್ಚಿದ.

“ಹ್ಯಾಂಗೈತಿ ಅನ್ನ?”

“ಭಾಳ ಚಲೋ ಐತ್ರಿ.”

“ಮುದ್ದಿ ಆಗೇತಲ್ಲೋ, ಧನರಾಜ.”

ಆ ಕಡೆ ಅಗಿಯುವ ಸದ್ದು ನಿಂತಿತು. “ನಮಗ ನಡೀತೈತ್ರಿ. ನಾವೇನೂ ತಕರಾರು ಮಾಡಂಗಿಲ್ಲ. ಕಳಸೋದೊಂದು ನಿಲ್ಲಸಬ್ಯಾಡ್ರಿ.”

“ಒಂದು ಸಲ ಬೈಯೋ ನನ್ನ.”

“ನಿಮ್ಮನ್ನ ಹ್ಯಾಂಗ ಬೈಲಿ, ಸಾಹೇಬ್ರ?” ಧನರಾಜ ಗಿರಾಕಿಗಳ ಮುಂದೆ ನಗುವಂತೆ ನಕ್ಕು ಫೋನು ಇಟ್ಟ.

ಗುರುಬಸವ ಬಾಗಿಲಿಗೆ ಬಂದ. “ಏನಂದ್ರು?”

“ಒಪ್ಪಿಲ್ಲ. ಹಳೇ ಅಕ್ಕಿನೇ ಬೇಕಂತ.”

“ಬ್ಯಾಡಾದ್ರ ಬಿಡಂತ ಹೇಳು. ತಗೊಳ್ಳೋರು ಭಾಳ ಮಂದಿ ಅದಾರ.”

ಸಿದ್ದಲಿಂಗೇಶ ತಟ್ಟೆ ನೋಡಿದ. “ಇಲ್ಲ, ನಾನೇ ತಪ್ಪಿ ಹೇಳಿದ್ನಿ. ಒಪ್ಯಾನ,” ಎಂದ. ಗುರುಬಸವ ಲಾರಿಯ ಕಡೆ ಹೋದ ಮೇಲೆ, ತಟ್ಟೆಯಲ್ಲಿ ಉಳಿದದ್ದನ್ನು ನೀರು ಕುಡಿಯುತ್ತ ನುಂಗಿದ.