ಬೆಂಚಿನ ಮೇಲಿನ ನಿದ್ದೆ

೧೯೮೩ರ ಮಾತು. ಶೆಟ್ಟಿಕೆರೆಯ ಕೆಂಚಯ್ಯನಿಗೆ ಕೂತಲ್ಲೇ ನಿದ್ದೆ ಬರುತ್ತಿತ್ತು. ಕಾಯಿ ಸುಲಿಯುವಾಗ ತೂಕಡಿಸಿ ಅಂಗೈಗೆ ಗಾಯ ಮಾಡಿಕೊಂಡ ಮೇಲೆ ಹೆಂಡತಿ ಹೊಂಬಾಳಮ್ಮ ಅವನನ್ನು ಬಸ್ಸು ಹತ್ತಿಸಿ ಚಿಕ್ಕನಾಯಕನಹಳ್ಳಿಯ ಡಾಕ್ಟರ ಹತ್ತಿರ ಕರೆತಂದಳು.

"ಮಲಗಿದಾಗ ಇವ್ರ ಉಸುರೇ ನಿಂತೋಯ್ತದೆ ಡಾಕ್ಟ್ರೇ. ನಾನೇ ಅಲ್ಲಾಡ್ಸಿ ಎಬ್ಬುಸ್ತೀನಿ" ಎಂದಳು.

"ಸುಮ್ಕಿರೇ, ಗೊರ್ಕೆ ಹೊಡಿಯೋದೂ ಒಂದು ಕಾಯ್ಲೆಯೇನೇ?" ಎಂದು ಕೆಂಚಯ್ಯ ಗದರಿದ.

ಡಾಕ್ಟರು ಎದೆ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದರು. ಹೊಂಬಾಳಮ್ಮ ಒಪ್ಪಲಿಲ್ಲ. "ಇಲ್ಲೇ ಒಂದ್ಗಳಿಗೆ ಮಲಗ್ಸಿ ನೋಡಿ ಸ್ವಾಮಿ" ಎಂದು ಪಟ್ಟು ಹಿಡಿದಳು.

ಬೆಂಚಿನ ಮೇಲೆ ಅಂಗಾತ ಮಲಗಿದ ಕೆಂಚಯ್ಯನಿಗೆ ಐದೇ ನಿಮಿಷದಲ್ಲಿ ನಿದ್ದೆ ಹತ್ತಿತು. ಗೊರಕೆ ಏರುತ್ತ ಹೋಗಿ ತಟ್ಟನೆ ನಿಂತಿತು. ಹೊಟ್ಟೆ ಏರಿಳಿಯುತ್ತಿತ್ತು, ಮೂಗಿನಲ್ಲಿ ಮಾತ್ರ ಗಾಳಿಯಿರಲಿಲ್ಲ. ಎಬ್ಬಿಸಲು ಹೋದ ಹೊಂಬಾಳಮ್ಮನನ್ನು ಡಾಕ್ಟರು ತಡೆದು ಗಡಿಯಾರ ನೋಡಿದರು. ಇಪ್ಪತ್ತೆಂಟು ಸೆಕೆಂಡು ಕಳೆದ ಮೇಲೆ ಕೆಂಚಯ್ಯ ಗೊರ್ರೆಂದು ಉಸಿರೆಳೆದುಕೊಂಡ.

"ನೀವು ಹೇಳಿದ್ದೇ ನಿಜ ಕಣಮ್ಮ. ನಿದ್ದೇಲಿ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತೆ, ಕಿರುನಾಲಿಗೆ ಸುತ್ತಲ ಮಾಂಸ ಸಡಿಲ ಆಗುತ್ತೆ. ಗಂಟಲ ದಾರಿ ಮುಚ್ಚಿಕೊಳ್ತಿದೆ. ಅಂಗಾತ ಮಲಗೋದು ಬೇಡ, ಮೈತೂಕ ಇಳೀಬೇಕು. ಬೆಂಗಳೂರಿನ ಗಂಟಲು ಡಾಕ್ಟರಿಗೆ ಕಾಗದ ಕೊಡ್ತೀನಿ" ಎಂದರು ಡಾಕ್ಟರು.

ಹೊಂಬಾಳಮ್ಮ ಗಂಡನ ಭುಜಕ್ಕೆ ಕೈಕೊಟ್ಟು ಮಗ್ಗುಲಿಗೆ ಹೊರಳಿಸಿದಳು. ಉಸಿರು ಸಲೀಸಾಯಿತು. ಎರಡು ವರ್ಷದಿಂದ ಅವನ ಉಸಿರಿಗೆ ಕಾವಲಿದ್ದವಳು, ಅವನು ಎದ್ದ ಮೇಲೆ ಹೊರಟರಾಯಿತೆಂದು ಗೋಡೆಗೊರಗಿ ತಾನೂ ಕಣ್ಣು ಮುಚ್ಚಿದಳು.